ಬಲ್ಲವರೊಬ್ಬರು ಹೇಳಿದಂತೆ

ಗೋರವಾ, ವಡೋದರಾ
ಮಾರ್ಚ್ ೨, ೨೦೨೫

ನನ್ನ ನೀಲಕ್ಕನಿಗೆ ಪದ್ಮಿಯ ಶರಣು,

ಮೊದಲು ಮುಖ್ಯ ಮಾತು ಹೇಳಿಬಿಡುತ್ತೇನೆ. ನಾನು ಕಾಪಿ ಮಾಡಿಲ್ಲ. ಮಾಡಿಲ್ಲ ಅಂತ ಕಾಲೇಜಿನ ಕಮಿಟಿಯೂ ಒಪ್ಪಿಕೊಂಡಿದೆ. ನನ್ನ ಹೆಸರನ್ನು ಎಂ.ಎ.ಯಿಂದ ತೆಗೆದುಹಾಕಿಲ್ಲ, ಇನ್ನು ತೆಗೆಯುವುದೂ ಇಲ್ಲ. ಈಗ ನೀನು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು, ಕಾಲು ಚಾಚಿ ಕೂತು, ಮುಂದಿನದನ್ನು ಆರಾಮಾಗಿ ಓದು.

ನೋಡಿದೆಯಾ ನನ್ನ ಹೊಸ ಶಿಸ್ತು? ಮೊದಲಿನ ಪದ್ಮಿಯಾಗಿದ್ದರೆ ಇಲ್ಲಿಯ ಬಿಸಿಲು, ನಿನ್ನ ಮೊಣಕಾಲು ನೋವು, ಎದುರು ಮನೆಯವರ ಮಗನ ಮದುವೆ ಎಲ್ಲ ಮುಗಿಸಿ ಕೊನೆಗೆ ವಿಷಯಕ್ಕೆ ಬರುತ್ತಿದ್ದಳು. ಪೂರ್ವಿ ಹುಟ್ಟಿದ ಸುದ್ದಿಯನ್ನು ಇನ್‌ಲ್ಯಾಂಡ್ ಪತ್ರದ ಮಡಚುವ ಅಂಚಿನಲ್ಲಿ ಅಡ್ಡಡ್ಡ ಬರೆದವಳು ನಾನೇ ಅಲ್ಲವೇ? ನೀನು ಆ ಅಂಚನ್ನು ಹರಿದು ಒಗೆದು, ಆಮೇಲೆ ಕಸದ ಬುಟ್ಟಿಯಲ್ಲಿ ಹುಡುಕಿದೆ ಅಂತ ಇವತ್ತಿಗೂ ಹಂಗಿಸುತ್ತೀ.

ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯೇನೋ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಎಲ್ಲಿ ಬಿಡುತ್ತೀ ಅಕ್ಕಾ? ನನ್ನ ಅರ್ಧ ಮಾತನ್ನು ನೀನೇ ಪೂರ್ತಿ ಮಾಡಿ, ಅದಕ್ಕೊಂದು ಪರಿಹಾರವನ್ನೂ ಹೇಳಿ, ಫೋನ್ ಇಟ್ಟುಬಿಡುತ್ತೀ. ಕಾಗದದ ನಡುವೆ ನಿನಗೆ ಬಾಯಿ ಹಾಕಲು ಬರುವುದಿಲ್ಲ.

ಈ ಗಲಾಟೆಗೆಲ್ಲ ಮೂಲ ನಮ್ಮ ಪೂರ್ವಿ. ಅಹಮದಾಬಾದಿನ ಸ್ಯಾಟಲೈಟಿನ ಫ್ಲ್ಯಾಟಿನಲ್ಲಿ ಕೂತು ತನ್ನ ಮುರುಕು ಕನ್ನಡದಲ್ಲಿ ನಿನಗೆ ಫೋನ್ ಮಾಡಿ, "ದೊಡ್ಡವ್ವಾ, ಮಮ್ಮಿ ಮ್ಯಾಲೆ ಕಾಪಿ ಕೇಸ್ ಆಗ್ಯದ, ಕಮಿಟಿ ಬೈಠತದ" ಅಂದಳಂತೆ. ನೀನು ನನ್ನನ್ನು ಒಂದು ಮಾತು ಕೇಳದೆ ನೇರವಾಗಿ ನಮ್ಮ ಮನೆಯವರಿಗೆ ಫೋನ್ ಹಚ್ಚಿ, "ಸಾಕು ಆಕೀ ಓದು. ಕಾಲೇಜು ಬಿಡಸ್ರಿ, ಹುಬ್ಬಳ್ಳಿಗೆ ಕರಕೊಂಡ ಬರ್ರಿ" ಅಂದೆ. ಇವರು ಸ್ಪೀಕರ್ ಹಾಕಿದ್ದರು. ನಾನು ಪಕ್ಕದಲ್ಲೇ ಕೂತು ಮೆಂತ್ಯೆ ಸೋಸುತ್ತಿದ್ದೆ, ಎಲ್ಲ ಕೇಳಿಸಿತು. ನಿನಗೆ ನನ್ನ ಮೇಲಿರುವ ಮಮತೆ ನನಗೆ ಗೊತ್ತು, ಆದರೂ ಆವತ್ತು ಬಹಳ ನೊಂದುಕೊಂಡೆ.

ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಇವರು ನಿವೃತ್ತರಾಗಿ ಕೊಯಾಲಿ ರಿಫೈನರಿಯ ಟೌನ್‌ಶಿಪ್ಪಿನ ಕ್ವಾರ್ಟರ್ಸ್ ಬಿಟ್ಟು ಈ ಮನೆಗೆ ಬಂದ ವರ್ಷವೇ ನಾನು ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದೆ. "ಮಮ್ಮಗಳನ್ನ ಆಡಿಸೋ ವಯಸ್ಸಿನಾಗ ಪಾಟೀಚೀಲ ಯಾಕ" ಅಂತ ನೀನು ಅಂದದ್ದು ನೆನಪಿದೆ. ಧಾರವಾಡದಲ್ಲಿ ಬಿ.ಎ. ಮುಗಿಸಿದ ಮೇಲೆ ನಾನು ಬರೆದದ್ದು ಕಿರಾಣಿ ಚೀಟಿ ಮತ್ತು ನಿನಗೆ ಕಾಗದ, ಇಷ್ಟೇ. ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಆಂಟಿ ಅನ್ನುತ್ತಾರೆ. ಪಾಠ ಕೇಳುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಪ್ರಬಂಧ ಬರೆಯುವುದು.

ನಮ್ಮ ಮಾಸ್ತರರು ಕಲಿಸಿದ್ದು ನಿನಗೂ ಗೊತ್ತಲ್ಲ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಕುಟುಂಬದ ಬಗ್ಗೆ ಬರೆಯಿರಿ ಅಂದಾಗ ನಾನು "ಅನಾದಿ ಕಾಲದಿಂದಲೂ ಮನುಷ್ಯ ಸಂಘಜೀವಿ" ಅಂತ ಶಿಲಾಯುಗದಿಂದ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಗುಹೆಯಿಂದ ಕೂಡುಕುಟುಂಬಕ್ಕೆ ಬರುವಷ್ಟರಲ್ಲಿ ಅರ್ಧ ಹಾಳೆಗಳು ಮುಗಿದಿದ್ದವು. ಕೊನೆಗೆ ಒಂದು ವಚನ ಹಾಕಿ, ಎಲ್ಲರಿಗೂ ಒಳ್ಳೆಯದಾಗಲಿ ಅಂತ ಮುಗಿಸಿದೆ. ನನಗಂತೂ ಓದಿ ಕಣ್ಣು ತುಂಬಿ ಬಂದಿತ್ತು.

ನಮಗೆ ಬರವಣಿಗೆ ಕಲಿಸುವವರು ಊರ್ಮಿಳಾಬೆನ್. ನಮ್ಮ ಪೂರ್ವಿಯ ಓರಗೆಯವಳು, ಮಾತು ಮೆತ್ತಗೆ, ಪೆನ್ನು ಹರಿತ. ನನ್ನ ಮೊದಲ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಬದಿಯಲ್ಲಿ, "ಇಷ್ಟೆಲ್ಲದರಲ್ಲಿ ನೀವು ಹೇಳುವುದು ಏನು?" ಅಂತ ಬರೆದಿದ್ದಳು. ಆವತ್ತು ಸಿಟ್ಟಿನಲ್ಲಿ ಮಾಡಿದ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಇವರು ಮೊಸರು ಕಲಸಿಕೊಂಡು ಉಂಡು ಎದ್ದರು.

ಮರುದಿನ ಜಗಳವಾಡಲೆಂದೇ ಹೋದೆ. ಆಕೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ ಪಾಠ ಹೇಳಿದಳು. ಪ್ರಬಂಧ ಅಂದರೆ ನಮಗೆ ಗೊತ್ತಿರುವುದನ್ನೆಲ್ಲ ಸುರಿಯುವುದಲ್ಲ ಪದ್ಮಾಬೆನ್, ಒಂದು ಪ್ರಶ್ನೆ ಹಿಡಿದು, ಅದಕ್ಕೊಂದು ಉತ್ತರ ಹೇಳಿ, ಆ ಉತ್ತರವನ್ನು ಓದುವವರು ಯಾಕೆ ನಂಬಬೇಕು ಅಂತ ತೋರಿಸುವುದು ಅಂದಳು. ಉತ್ತರವನ್ನು ಮೊದಲೇ ಹೇಳಿಬಿಡಬೇಕಂತೆ. ನಮ್ಮಲ್ಲಿ ಮನೆಗೆ ಬಂದವರು ಬೆಲ್ಲ, ನೀರು, ಚಹಾ, ಊಟ ಎಲ್ಲ ಆದ ಮೇಲೆ, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಬಂದ ಕೆಲಸ ಹೇಳುತ್ತಾರಲ್ಲ, ಹಾಗೆ ಮಾಡಬಾರದು. ಇನ್ನೊಂದು: ಆ ಉತ್ತರ ಹೇಗಿರಬೇಕೆಂದರೆ, ಬುದ್ಧಿ ನೆಟ್ಟಗಿರುವ ಯಾರಾದರೂ ಎದ್ದು ಅಲ್ಲ ಅನ್ನುವಂತಿರಬೇಕು. ಕುಟುಂಬ ಮುಖ್ಯ ಅಂದರೆ ಯಾರು ಅಲ್ಲ ಅನ್ನುತ್ತಾರೆ?

ಮನೆಗೆ ಬಂದು ಇವರಿಗೆ, "ಮಂದಿ ಜಗಳಾ ತಗೀಬೇಕು, ಅಂಥಾ ಮಾತು ಬರೀಬೇಕಂತ" ಅಂದೆ. ಇವರು ಪೇಪರಿನ ಹಿಂದಿನಿಂದಲೇ, "ಹಂಗಾದ್ರ ನಿನಗೇನ ಅಡಚಣಿ ಇಲ್ಲ ಬಿಡು" ಅಂದರು.

ಮೆಲ್ಲಮೆಲ್ಲನೆ ಕಲಿತೆ. ಒಂದು ಪ್ಯಾರಾದಲ್ಲಿ ಒಂದೇ ಸಂಗತಿ ಅನ್ನುವುದು ಸುಲಭ ಅನಿಸುತ್ತದೆ. ಆದರೆ ನನ್ನ ಪ್ಯಾರಾಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳಿ, ನಾಲಗೆ ಎಲ್ಲಿ ಎಡವುತ್ತದೋ ಅಲ್ಲಿ ತಿದ್ದಿ ಅಂದಳು ಊರ್ಮಿಳಾಬೆನ್. ಅಡುಗೆಮನೆಯಲ್ಲಿ ನಾನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದನ್ನು ಕೇಳಿ ಕೆಲಸದ ರೇಖಾಬೆನ್ ನಾನು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದೇನೆ ಅಂದುಕೊಂಡಿದ್ದಳಂತೆ. ಎರಡನೆಯ ಪ್ರಬಂಧಕ್ಕೆ ಕೆಂಪು ಶಾಯಿ ಕಡಿಮೆಯಾಯಿತು.

ಆಮೇಲೆ ಬಂತು ದೊಡ್ಡ ಪ್ರಬಂಧ. ಇದರಲ್ಲಿ ಪಾಸಾಗದಿದ್ದರೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ. ವಿಷಯ ನಮ್ಮದೇ ಆಯ್ಕೆ. ನಾನು ನಮ್ಮ ಟೌನ್‌ಶಿಪ್ಪಿನ ಹೆಂಗಸರನ್ನೇ ಆರಿಸಿಕೊಂಡೆ. ನನ್ನ ಉತ್ತರವೂ ಸಿದ್ಧವಿತ್ತು, ಮೂವತ್ತು ವರ್ಷಗಳಿಂದ ಸಿದ್ಧವಿತ್ತು: ಗಂಡಂದಿರು ತಮ್ಮ ನೌಕರಿಗಾಗಿ ಇಲ್ಲೇ ಉಳಿದರು, ಹೆಂಡಂದಿರು ಅದಕ್ಕಾಗಿ ತಮ್ಮ ಊರನ್ನು ಬಿಟ್ಟುಕೊಟ್ಟರು. ಒಂದೇ ಉಸಿರಿನಲ್ಲಿ ಬರೆದೆ. ಒಂದು ಕಡೆಯೂ ನಾಲಗೆ ಎಡವಲಿಲ್ಲ.

ಊರ್ಮಿಳಾಬೆನ್ ಓದಿ, ಜಗಳಕ್ಕೆ ಯೋಗ್ಯವಾದ ಮಾತು, ಚೆನ್ನಾಗಿದೆ ಅಂದಳು. ಪುರಾವೆ ಎಲ್ಲಿ ಅಂತ ಕೇಳಿದಳು. ನಾನೇ ಪುರಾವೆ ಅಂದೆ. ನೀವು ಒಬ್ಬ ಸಾಕ್ಷಿ ಅಷ್ಟೆ, ತೀರ್ಪು ಕೊಡುವವರೂ ನೀವೇ ಆದರೆ ಹೇಗೆ ಅಂದಳು. ಈ ಮಾತನ್ನು ಒಪ್ಪದವರು ಯಾರು, ಅವರನ್ನೂ ಕರೆದು ಕೂರಿಸಿ, ಅವರ ಮಾತನ್ನು ಅವರು ಹೇಳುವಷ್ಟೇ ಚೆನ್ನಾಗಿ ಬರೆಯಿರಿ, ಎದುರು ವಾದಿಗೆ ಮುರುಕು ಕುರ್ಚಿ ಕೊಡಬೇಡಿ ಅಂದಳು.

ಹಾಗಾಗಿ ಕೇಳಲು ಹೊರಟೆ. ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಹಂಸಾಬೆನ್ ನೆನಪಿದ್ದಾಳಲ್ಲ, ನೀನು ಬಂದಾಗ ನಿನಗೆ ದಾರಿಗೆ ಥೇಪ್ಲಾ ರೊಟ್ಟಿ ಕಟ್ಟಿಕೊಟ್ಟವಳು? ಈಗ ಮಗನ ಜೊತೆ ಸೂರತ್ತಿನಲ್ಲಿದ್ದಾಳೆ. ಬೆಳಗಿನ ರೈಲಿಗೆ ಹೋಗಿ ಆಕೆಯನ್ನು ಕಂಡೆ. ನನ್ನ ಪ್ರಶ್ನೆ ಕೇಳಿ ಆಕೆ ಬಿದ್ದು ಬಿದ್ದು ನಕ್ಕಳು. ಪದ್ಮಾ, ನೀನು ಊರು ಕಳೆದುಕೊಂಡು ಕಂಗಾಲಾಗಿದ್ದೆಯಾ, ಚಳಿಗಾಲದ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಊಂಧಿಯು ಪಲ್ಯಕ್ಕೆ ತೊಗರಿಕಾಯಿ ಬಿಡಿಸುವಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನೀನೇ ಅಂದಳು. ನನಗೆ ನಂಬಿಕೆಯಾಗಲಿಲ್ಲ. ಆದರೂ ಬರೆದುಕೊಂಡೆ, ಬರೆದುಕೊಳ್ಳಬೇಕು ಅನ್ನುವುದು ನಿಯಮ.

ಕೊನೆಗೆ ಉಳಿದವರು ನಮ್ಮ ಮನೆಯವರು. ಒಂದು ಭಾನುವಾರ ಊಟದ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಎದುರಿಗೆ ಕೂರಿಸಿದೆ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತರು, ಆಫೀಸಿನ ವಿಚಾರಣೆಗೆ ಬಂದವರಂತೆ! ನಾನು ಹೆಂಡತಿಯ ಧ್ವನಿ ಬಿಟ್ಟು ವಿದ್ಯಾರ್ಥಿನಿಯ ಧ್ವನಿಯಲ್ಲಿ, ನೀವು ಕರ್ನಾಟಕದ ಕಡೆಗೆ ವರ್ಗ ಕೇಳಲೇ ಇಲ್ಲ ಯಾಕೆ ಅಂದೆ. ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ ಅಂತ ನೀನು ಅನ್ನಬಹುದು. ಇಲ್ಲ ಅಕ್ಕಾ. ಅದನ್ನು ಇಟ್ಟುಕೊಂಡು ಬೈದಿದ್ದೇನೆ, ಕೇಳಿರಲಿಲ್ಲ. ಕೇಳುವುದೆಂದರೆ ಕೇಳಿದ ಮೇಲೆ ಸುಮ್ಮನಿರಬೇಕು. ಈ ಸಲ ಪೆನ್ನು ಹಿಡಿದಿದ್ದರಿಂದ ಸುಮ್ಮನಿರಲೇಬೇಕಾಯಿತು.

ಇವರು ನೀರಿನ ಲೋಟ ತಿರುಗಿಸುತ್ತ ಹೇಳಿದರು. ಪೂರ್ವಿ ಬಾಲವಾಡಿಗೆ ಹೋಗುತ್ತಿದ್ದಾಗ ಹುಬ್ಬಳ್ಳಿಗೆ ಹೋಗುವ ಅವಕಾಶ ಬಂದಿತ್ತಂತೆ. ಒಪ್ಪಿಗೆ ಬರೆದುಕೊಡಲು ಒಂದು ವಾರ ಸಮಯವಿತ್ತಂತೆ. ಆ ವಾರ ಒಂದು ದಿನ ಫಸ್ಟ್ ಶಿಫ್ಟ್ ಮುಗಿಸಿ ಬರುವಾಗ ನಾನು ಮೆಟ್ಟಿಲ ಮೇಲೆ ಹಂಸಾಬೆನ್ ಜೊತೆ ಕೂತು ನಗುವುದನ್ನು ಗೇಟಿನಿಂದ ನೋಡಿದರಂತೆ. "ಮದುವ್ಯಾದ ಮ್ಯಾಲ ನೀ ಹಂಗ ನಕ್ಕದ್ದ ನಾ ನೋಡಿದ್ದಿಲ್ಲ. ಊರಂದ್ರ ಹುಟ್ಟಿದ ಜಾಗಾ ಅಂತ ತಿಳದಿದ್ದೆ. ನಮ್ಮ ಮಂದಿ ಹೊಟ್ಟಿ ತುಂಬ ನಗೋ ಜಾಗಾನ ಊರು ಅಂತ ಆವತ್ತ ಅನಿಸ್ತು. ಬೇರು ಹಿಡದದ್ದನ್ನ ಕೀಳಾಕ ನನಗ ಕೈ ಬರಲಿಲ್ಲ" ಅಂದರು. ವರ್ಗ ಬೇಡ ಅಂತ ಬರೆದುಕೊಟ್ಟು ಬಂದರಂತೆ. ನನಗೆ ಇಷ್ಟು ವರ್ಷ ಹೇಳಲೇ ಇಲ್ಲ.

ನೀಲಕ್ಕಾ, ಆಗ ನನಗೆ ಏನಾಯಿತು ಅಂತ ಹೇಗೆ ಬರೆಯಲಿ? ಎದೆ ತುಂಬಿ ಬಂತು, ಅದು ನಿಜ. ಅದರ ಹಿಂದೆಯೇ ಇಂಥ ಸಿಟ್ಟು ಬಂತೆಂದರೆ ಲೋಟ ಒಗೆಯಬೇಕು ಅನ್ನಿಸಿತು. ನಾನು ನಕ್ಕದ್ದನ್ನು ಇವರು ನೋಡಿದರು, ನಾನು ಅತ್ತದ್ದನ್ನು ನಿನಗೆ ಬರೆದ ಕಾಗದಗಳು ನೋಡಿದವು. ಎರಡೂ ಸುಳ್ಳಲ್ಲ. ಆದರೆ ಒಂದು ಮಾತು, ಒಂದೇ ಒಂದು ಮಾತು ನನ್ನನ್ನು ಕೇಳಬಹುದಿತ್ತಲ್ಲ!

ಪ್ರಬಂಧವನ್ನು ಹರಿದು ಮತ್ತೆ ಬರೆದೆ. ಹಳೆಯ ಉತ್ತರ ನಿಲ್ಲುವಂತಿರಲಿಲ್ಲ, ಪುರಾವೆ ಅದಕ್ಕೆ ವಿರುದ್ಧವಾಗಿತ್ತು. ಉಳಿದ ಗೆಳತಿಯರನ್ನು ಕೇಳಿದಾಗಲೂ ಇದೇ ಬಗೆಯ ಕಥೆಗಳು. ಆಗ ಹೊಳೆಯಿತು: ನಿರ್ಧಾರ ಯಾರ ಒಳಿತಿಗಾಗಿ ಆಯಿತು ಅನ್ನುವುದು ಒಂದು, ಯಾರನ್ನು ಕೇಳಿ ಆಯಿತು ಅನ್ನುವುದು ಇನ್ನೊಂದು. ನಮ್ಮ ಮನೆಗಳಲ್ಲಿ ಎಷ್ಟೋ ಸಲ ಹೆಂಡತಿಯ ಒಳಿತಿಗಾಗಿಯೇ ನಿರ್ಧಾರವಾಯಿತು, ಹೆಂಡತಿಯನ್ನು ಕೇಳಿ ಆಗಲಿಲ್ಲ. ಇದನ್ನೇ ಮೊದಲ ಪುಟದಲ್ಲಿ ಬರೆದೆ. ಬರೆದು ಮುಗಿಸಿದಾಗ ತಲೆಯ ಮೇಲಿನ ಹೊರೆ ಇಳಿಸಿದಂತಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಯಾರ ಮಾತನ್ನು ತಂದರೂ ಅವರ ಹೆಸರು, ಎಲ್ಲಿ ಯಾವಾಗ ಹೇಳಿದರು ಅನ್ನುವುದನ್ನು ಕೊಡಬೇಕು. ಹಂಸಾಬೆನ್ನಳದು ಕೊಟ್ಟೆ, ಉಳಿದವರದು ಕೊಟ್ಟೆ. ಇವರ ಮಾತು ಬಂದ ಕಡೆಯೆಲ್ಲ "ಬಲ್ಲವರೊಬ್ಬರು ಹೇಳಿದಂತೆ" ಅಂತ ಹಾಕಿದೆ. ನಮ್ಮ ಮಾಸ್ತರರ ಪ್ರಬಂಧಗಳಲ್ಲಿ ಬಲ್ಲವರು, ತಿಳಿದವರು, ಹಿರಿಯರು ಹೆಸರಿಲ್ಲದೆ ಓಡಾಡಿಕೊಂಡಿದ್ದರು, ಯಾರೂ ಅವರ ಗುರುತು ಕೇಳಲಿಲ್ಲ. ಅದಲ್ಲದೆ ಇವರ ಹೆಸರು ಹೇಗೆ ಬರೆಯುವುದು? ಬ್ಯಾಂಕಿನ ಫಾರ್ಮಿನಲ್ಲಿ ಬರೆದಿದ್ದೇನೆ, ಮದುವೆಯ ದಿನ ಬಿಟ್ಟರೆ ಬಾಯಿಂದ ಒಮ್ಮೆಯೂ ಅಂದಿಲ್ಲ. ಯಾರಾದರೂ ಕೇಳಿದರೆ ಆಧಾರ್ ಕಾರ್ಡ್ ಮುಂದೆ ಹಿಡಿಯುತ್ತೇನೆ. ಇಲ್ಲಿ ಇಂಗ್ಲಿಷಿನಲ್ಲಿ ರೀ ಇಲ್ಲ, ಅವರು ಇಲ್ಲ, ಬರೀ ಹೆಸರು ಬರೆದು "ಹೀಗೆನ್ನುತ್ತಾನೆ, ಆದರೆ ಇದನ್ನು ಒಪ್ಪಲಾಗದು" ಅಂತ ವಾದಿಸಬೇಕು. ನಮ್ಮ ಅತ್ತೆ ಇದ್ದಿದ್ದರೆ ಕಾಲೇಜಿಗೇ ಬಂದು ನನ್ನ ಹಾಳೆ ಕಸಿದುಕೊಳ್ಳುತ್ತಿದ್ದರು.

ಪ್ರಬಂಧ ಓದಿದ ಇನ್ನೊಬ್ಬ ಪರೀಕ್ಷಕರಿಗೆ ಸಂಶಯ ಬಂತು. ಈಗ ಕಂಪ್ಯೂಟರಿಗೆ ಹೇಳಿದರೆ ಅದೇ ಪ್ರಬಂಧ ಬರೆದುಕೊಡುತ್ತದೆಯಂತೆ, ಇಲ್ಲದ ಮನುಷ್ಯರನ್ನು ಹುಟ್ಟಿಸಿ ಅವರ ಬಾಯಲ್ಲಿ ಚಂದದ ಮಾತು ಹಾಕುತ್ತದೆಯಂತೆ. ಉಳಿದವರಿಗೆಲ್ಲ ಹೆಸರಿದೆ, ಎಲ್ಲಕ್ಕಿಂತ ಒಳ್ಳೆಯ ಮಾತು ಆಡಿದವನಿಗೆ ಮಾತ್ರ ಹೆಸರಿಲ್ಲ, ಇವನು ಯಾರು? ಕಮಿಟಿಯ ಮುಂದೆ ಬಂದು ಉತ್ತರ ಕೊಡಿ, ಕಟ್ಟುಕಥೆ ಅಂತಾದರೆ ನಿಮ್ಮ ಹೆಸರು ತೆಗೆದುಹಾಕುತ್ತೇವೆ ಅಂತ ನೋಟೀಸು ಬಂತು. ನನ್ನ ಟಿಪ್ಪಣಿಗಳನ್ನು ತೋರಿಸೋಣ ಅಂದರೆ ಎಲ್ಲ ಕನ್ನಡದಲ್ಲಿವೆ, ಅಲ್ಲಿ ಓದುವವರು ಯಾರು? ಆ ವಾರ ನನಗೆ ಅನ್ನ ಸೇರಲಿಲ್ಲ. ಈ ವಯಸ್ಸಿನಲ್ಲಿ ಕಳ್ಳಿ ಅನ್ನಿಸಿಕೊಂಡು ಮನೆಗೆ ಹೇಗೆ ಬರುವುದು ಅನ್ನುವುದೇ ಚಿಂತೆ. ಇವರು ಮಾತ್ರ, "ನಾನೂ ಬರ್ತೀನಿ. ಹೊರಗ ಕುಂಡರ್ತೀನಿ" ಅಂದರು.

ಮೊನ್ನೆ ಶುಕ್ರವಾರ ಹೋದೆವು. ಮೇಜಿನ ಆಚೆ ಮೂವರು: ಹಿರಿಯ ಪ್ರಾಧ್ಯಾಪಕರಾದ ದಿವಾಕರ ಸರ್, ನಮ್ಮ ಊರ್ಮಿಳಾಬೆನ್, ಮತ್ತು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡ ಆ ಪರೀಕ್ಷಕ ಹುಡುಗ. ದಿವಾಕರ ಸರ್ ಈ ಬಲ್ಲವರು ಯಾರು ಅಂದರು. ನನ್ನ ಪತಿ ಅಂದೆ. ಆ ಹುಡುಗ, ಅದನ್ನು ಪ್ರಬಂಧದಲ್ಲೇ ಬರೆಯಬಹುದಿತ್ತಲ್ಲ, ನೋಟೀಸು ಬಂದ ಮೇಲೆ ಪತಿ ಹುಟ್ಟಿಕೊಂಡರೋ ಅಂದ. ತಪ್ಪೇನಿಲ್ಲ, ಕೇಳಬೇಕಾದದ್ದನ್ನೇ ಕೇಳಿದ. ಮನೆಯ ಮಾತನ್ನು ಬೀದಿಗೆ ತರಲು ನಾಚಿಕೆಯಾಯಿತು ಅಂದೆ. ಸರಿ, ಅವರ ಹೆಸರು ಹೇಳಿ ಅಂದರು ದಿವಾಕರ ಸರ್.

ನನ್ನ ಬಾಯಿ ಕಟ್ಟಿತು. ಆಧಾರ್ ಕಾರ್ಡು ಹೊರಗೆ ಇವರ ಹತ್ತಿರವಿದ್ದ ಚೀಲದಲ್ಲಿತ್ತು. ನಾನು ಸುಮ್ಮನೆ ನಿಂತಷ್ಟೂ ಆ ಹುಡುಗನ ಹುಬ್ಬು ಮೇಲೆ ಹೋಯಿತು. ಗಂಡನ ಹೆಸರನ್ನೇ ಯೋಚಿಸಿ ಹೇಳುವ ಹೆಂಗಸನ್ನು ಯಾರು ನಂಬುತ್ತಾರೆ? ಊರ್ಮಿಳಾಬೆನ್ ನನ್ನ ಮುಖವನ್ನೇ ನೋಡುತ್ತಿದ್ದಳು, ಆಕೆಯ ಕಣ್ಣಲ್ಲೂ ಅನುಮಾನ ಸುಳಿದದ್ದು ಕಂಡಿತು. ಅದು ಬಹಳ ಚುಚ್ಚಿತು. ಇನ್ನು ಒಂದು ನಿಮಿಷ ಸುಮ್ಮನಿದ್ದರೆ ಎಲ್ಲ ಮುಗಿಯಿತು ಅನ್ನಿಸಿತು. ಹೆಸರು ಹೇಳಲು ನಮಗೆ ಅವ್ವ ಕಲಿಸಿದ್ದು ಒಂದೇ ದಾರಿ, ಅದೇ ತಂತಾನೇ ಬಾಯಿಗೆ ಬಂತು. ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು, ಮದುವೆಯಲ್ಲಿ ಬಾಗಿಲು ತಡೆದಾಗ ಹೇಳಿದಂತೆ ಒಡಪು ಹೇಳಿಬಿಟ್ಟೆ:

"ಕೊಯಾಲಿ ಚಿಮಣಿ ಮ್ಯಾಲ ಬೆಂಕಿ ಉರೀತದ ಹಗಲೂ ರಾತ್ರಿ,
ಲಿಂಗರಾಜರು ಆಡಿದ ಮಾತು, ಅದಕ ನಾನಽ ಖಾತ್ರಿ."

ಎಲ್ಲಿಂದ ಬಂತೋ ಗೊತ್ತಿಲ್ಲ, ನಿಂತ ನಿಲುವಿನಲ್ಲಿ ಕಟ್ಟಿದ್ದು. ಕಣ್ಣು ಬಿಟ್ಟರೆ ಆ ಹುಡುಗ ಬಾಯಿ ತೆರೆದು ಕೂತಿದ್ದ. ದಿವಾಕರ ಸರ್ ಮಾತ್ರ ಮೇಜು ಬಡಿದು ನಗುತ್ತಿದ್ದರು. ಅವರು ವಡೋದರೆಯ ಹಳೆಯ ಮರಾಠಿ ಮನೆತನದವರು ಅಂತ ನನಗೆ ಗೊತ್ತಿರಲಿಲ್ಲ. "ಅರೇ, ಹಾ ತರ್ ಉಖಾಣಾ!" ಅಂದರು. ಅವರ ಮನೆಯಲ್ಲೂ ಹಳದಿಕುಂಕುಮಕ್ಕೆ ಹೆಂಗಸರು ಗಂಡನ ಹೆಸರನ್ನು ಹೀಗೆಯೇ ಪದ್ಯದಲ್ಲಿ ಹೇಳುತ್ತಾರಂತೆ, ಅವರ ತಾಯಿ ಕೊನೆಯವರೆಗೂ ಬೇರೆ ರೀತಿಯಲ್ಲಿ ಹೇಳಲೇ ಇಲ್ಲವಂತೆ. ಖಾತ್ರಿ ಅನ್ನುವ ಮಾತು ಊರ್ಮಿಳಾಬೆನ್ನಳಿಗೂ ತಿಳಿಯಿತು, ಗುಜರಾತಿಯಲ್ಲೂ ಅದೇ ಅರ್ಥ. ಆಕೆ ನಕ್ಕಳು. ನನ್ನ ಜೀವ ಮರಳಿ ಬಂತು.

ಒಡಪು ಪುರಾವೆಯಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇವರನ್ನು ಒಳಗೆ ಕರೆಸಿದರು. ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು ಬಂದು ನಿಂತರು. ಪ್ರಬಂಧ ತೋರಿಸದೆ, ವರ್ಗ ಯಾಕೆ ಬೇಡವೆಂದಿರಿ ಅಂತ ಹಿಂದಿಯಲ್ಲಿ ಕೇಳಿದರು. ಇವರು ಗೇಟು, ಮೆಟ್ಟಿಲು, ತೊಗರಿಕಾಯಿ, ಹಂಸಾಬೆನ್, ಎಲ್ಲ ಹೇಳಿದರು. ನಾನು ಬರೆದದ್ದಕ್ಕೂ ಅದಕ್ಕೂ ಒಂದು ಕೂದಲಿನ ವ್ಯತ್ಯಾಸವಿರಲಿಲ್ಲ. ಆ ಹುಡುಗ ಲ್ಯಾಪ್‌ಟಾಪ್ ಮುಚ್ಚಿದ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಒಂದ ಮಾತು ಆವತ್ತ ಬರಸಲಿಲ್ಲ. ನಾ ನಿನ್ನ ಕೇಳಬೇಕಾಗಿತ್ತು" ಅಂದರು.

ಏನು ಹೇಳಿದರು ಅಂತ ದಿವಾಕರ ಸರ್ ಕೇಳಿದರು. ಆ ಕೋಣೆಯಲ್ಲಿ ಇವರನ್ನು ಬಿಟ್ಟರೆ ಕನ್ನಡ ಬಲ್ಲವಳು ನಾನೊಬ್ಬಳೇ, ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾದವಳೂ ನಾನೇ. ಹೇಳಿದೆ. ಊರ್ಮಿಳಾಬೆನ್ ನನ್ನ ಮುಂದೆ ನೀರಿನ ಲೋಟ ಇಟ್ಟು, ಪದ್ಮಾಬೆನ್, ಇದನ್ನೂ ಪ್ರಬಂಧಕ್ಕೆ ಸೇರಿಸಿ, ಹೆಸರು ಮತ್ತು ತಾರೀಕು ಸಮೇತ ಅಂದಳು. ಎಂಥ ಗುರು ನೋಡು!

ತೀರ್ಮಾನ ಇಷ್ಟು: ಕಟ್ಟುಕಥೆಯಲ್ಲ, ಮೂಲ ಹೇಳದ ತಪ್ಪು. ಹೆಸರು ಹಾಕಿ ತಿದ್ದಿ ಕೊಡಬೇಕು, ಕೆಲವು ಅಂಕ ಹೋಗುತ್ತವೆ. ಹೋಗಲಿ ಬಿಡು. ಹೊರಗೆ ಬಂದಾಗ ಹೊಟ್ಟೆ ಎಷ್ಟು ಹಸಿದಿತ್ತೆಂದರೆ, ಬೀದಿಯಲ್ಲಿ ಏನೂ ತಿನ್ನದ ನಮ್ಮ ಮನೆಯವರನ್ನು ಗಾಡಿಯ ಮುಂದೆ ನಿಲ್ಲಿಸಿ ಸೇವ್ ಉಸಳ್ ತಿನ್ನಿಸಿದೆ. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು. ಖಾರದ ನೆಪ ಒಳ್ಳೆಯದೇ ಆಯಿತು.

ನಿನ್ನೆ ತಿದ್ದಿದ ಪ್ರಬಂಧ ಕೊಟ್ಟು ಬಂದೆ. ಈಗ ಹೆಸರು ಬರೆದಿದ್ದೇನೆ, ರೀ ಇಲ್ಲದೆ, ಬರಿಯ ಹೆಸರು, ಅದರ ಕೆಳಗೆ ನನ್ನ ವಾದ. ಪೂರ್ವಿಗೆ ಫೋನ್ ಮಾಡಿ ಹೇಳಿದೆ, ಆಕೆಗೆ ಒಡಪು ಅಂದರೆ ಏನು ಅಂತ ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು. ಆದರೂ ಆಕೆಯ ಕಮಿಟಿ ಬೈಠುವ ಕನ್ನಡದಲ್ಲೇ, "ಮಮ್ಮಿ, ನೀ ಭಾರಿ ಮಾಡಿದಿ" ಅಂದಳು. ನಿನ್ನಿಂದಲೂ ಆ ಮಾತು ಕೇಳಬೇಕು ಅಂತ ಆಸೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರು. ನನ್ನ ಮೇಲೆ ಸಿಟ್ಟಾಗದೆ ಉತ್ತರ ಬರೆ.

ಓದುತ್ತಲೇ ಇರುವ ನಿನ್ನ ತಂಗಿ,
ಪದ್ಮಾವತಿ

ತಾ.ಕ.: ಇಷ್ಟು ಕಲಿತರೂ ಹೇಳಲೇಬೇಕಾದದ್ದನ್ನು ಕೊನೆಗೇ ಉಳಿಸಿಕೊಂಡೆ ನೋಡು, ಹೆದರಿಕೆ ನಿನ್ನದು. ನೀನು ಹುಬ್ಬಳ್ಳಿಯಲ್ಲಿ ನಿನ್ನ ಹಿಂದಿನ ಓಣಿಯಲ್ಲಿ ನಮಗಾಗಿ ಮನೆ ಗೊತ್ತುಮಾಡಿ, ಬರುವ ಯುಗಾದಿಗೆ ಬರುತ್ತಾರೆ ಅಂತ ಮಾತು ಕೊಟ್ಟಿದ್ದೀಯಂತೆ. ಇವರು ನಿನ್ನೆ ಹೇಳಿದರು. ಹೇಳಿ, ಎದುರಿಗೆ ಕೂತು, "ನಿನಗ ಎಲ್ಲಿ ಇರಬೇಕ ಅನಸ್ತದ?" ಅಂತ ಕೇಳಿದರು. ಮದುವೆಯಾದ ಮೇಲೆ ಮೊದಲ ಸಲ. ನಾನಿನ್ನೂ ಉತ್ತರ ಹೇಳಿಲ್ಲ, ಕೇಳಿಸಿಕೊಂಡ ಸುಖವನ್ನು ನಾಲ್ಕು ದಿನ ಅನುಭವಿಸುತ್ತೇನೆ. ಆ ಮನೆಯ ಮಾಲೀಕರಿಗೆ ಬೇಡವೆಂದು ಹೇಳಿಬಿಡು. ನನ್ನ ಒಳಿತಿಗಾಗಿಯೇ ಮಾಡಿದ್ದೀ, ಗೊತ್ತು. ಆದರೆ ಅಕ್ಕಾ, ನೀನೂ ನನ್ನನ್ನು ಕೇಳಲಿಲ್ಲ.